ವಿರೋಧಾಭಾಸಕ್ಕೆ ಬಸ್ಸಿನಲ್ಲೇ ಉತ್ತರ

ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ತಯಾರಾಗುತ್ತಾ, ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ಬಸ್ಸಿನಲ್ಲೂ ಓದುತ್ತಿದ್ದೆ. ಅವತ್ತು ಸಿಕ್ಕಿದ್ದು ವಿರೋಧಾಭಾಸದ ಪ್ರಶ್ನೆ. ಒಂದು ಊರಿಗೆ ಬಸ್ಸುಗಳು ಹೆಚ್ಚಾದವು, ಆದರೂ ಅಲ್ಲಿಂದ ಕಾಲೇಜಿಗೆ ಬರುವ ಹುಡುಗಿಯರು ಕಡಿಮೆಯಾದರು. ಎರಡೂ ನಿಜ, ಎರಡಕ್ಕೂ ಹೊಂದುವ ಕಾರಣ ಹುಡುಕಬೇಕು.

ಪಕ್ಕದ ಸೀಟಿನ ಯಜಮಾನರು ಪುಸ್ತಕದೊಳಕ್ಕೆ ಇಣುಕಿ, "ಎಣ್ಮಕ್ಳಿಗೆ ಓದಕ್ಕೆ ಮನಸಿಲ್ಲ, ಅಷ್ಟೇ ಕಣಮ್ಮ" ಅಂದರು.

ಅಷ್ಟರಲ್ಲಿ ರಸ್ತೆ ಬದಿಯಲ್ಲಿ ನಾಲ್ಕು ಹುಡುಗಿಯರು ಬ್ಯಾಗು ಹೊತ್ತು ಬಸ್ಸಿಗೆ ಕೈ ತೋರಿಸಿದರು. ಒಳಗೆ ಸೀಟುಗಳು ಖಾಲಿ ಇದ್ದರೂ ಬಸ್ಸು ನಿಲ್ಲಲಿಲ್ಲ.

"ಯಾಕ್ರೀ ನಿಲ್ಲಿಸಲಿಲ್ಲ?" ಎಂದೆ ಕಂಡಕ್ಟರಿಗೆ.

"ಎಲ್ಲಾ ಪಾಸಿನೋರು, ಟಿಕೆಟ್ ಕಾಸು ಬರಕಿಲ್ಲ. ಇಂದ್ಗಡೆ ಬಸ್ಸಲ್ಲಿ ಬತ್ತಾರೆ ಬುಡಿ."

ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು, ಬಸ್ಸು ನಿಲ್ಲುವವರೆಗೂ ಕೂಗಿದೆ. ಹುಡುಗಿಯರು ಏದುಸಿರು ಬಿಡುತ್ತಾ ಓಡಿಬಂದು ಹತ್ತಿದರು.

"ಮುಂಚೆ ಬಂದ ಎರಡು ಬಸ್ಸೂ ನಿಲ್ಸ್ನಿಲ್ಲ ಅಕ್ಕಾ. ಇವತ್ತು ನಮ್ಗೆ ಪರೀಕ್ಷೆ," ಎಂದಳು ಒಬ್ಬಳು. ಅವಳ ಕಣ್ಣು ಕೆಂಪಾಗಿತ್ತು.

ನಾನು ಯಜಮಾನರ ಕಡೆ ತಿರುಗಿದೆ. "ಈಗ ಹೇಳಿ, ಯಾರಿಗೆ ಮನಸ್ಸಿಲ್ಲ?"

ಅವರು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡತೊಡಗಿದರು.

ಮದ್ದೂರಿನಲ್ಲಿ ಇಳಿಯುವಾಗ ಕಂಡಕ್ಟರ್ ಮೆಲ್ಲಗೆ ಕೇಳಿದ: "ಮೇಡಂ ಲಾಯರ್ರಾ?"

"ಇನ್ನೂ ಪ್ರವೇಶ ಪರೀಕ್ಷೆಯನ್ನೇ ಬರೆದಿಲ್ಲ."

"ಬರ್ಯಕ್ ಮುಂಚೇನೇ ಇಂಗಾ, ತಾಯಿ!"