ಹನ್ನೆರಡು ಸೆಂಟಿಮೀಟರ್ ಸುಣ್ಣ

ಕಿಟಕಿಯ ಗಾಜಿನ ಮೇಲೆ ಕಟರು ಅರ್ಧ ದಾರಿ ಹೋಗಿದ್ದಾಗ ಅಂಚೆಯವನು ಬಂದ. ಗಾಜಣ್ಣ ತಲೆ ಎತ್ತಲಿಲ್ಲ. ಗಾಜಿನ ಮೇಲೆ ಗೀರು ಶುರುವಾದ ಮೇಲೆ ನಡುವೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಮುರಿಯುವಾಗ ಅದು ತನಗೆ ಇಷ್ಟ ಬಂದ ಕಡೆ ಓಡುತ್ತದೆ. ಗೀರನ್ನು ತುದಿ ಮುಟ್ಟಿಸಿ, ಗಾಜನ್ನು ಮೇಜಿನ ಅಂಚಿಗೆ ಸರಿಸಿ, ಎರಡೂ ಅಂಗೈ ಇಟ್ಟು ಒಮ್ಮೆ ಅದುಮಿದ. ಟಕ್ ಎಂದು ಎರಡಾಯಿತು. ಅಷ್ಟರಲ್ಲಿ ಅವನ ಹೆಂಡತಿ ಲಕೋಟೆ ಹರಿದು ಓದಿ ಮುಗಿಸಿದ್ದಳು.

"ಏನಂತೆ?"

"ಆರು ಪಂದ್ಯ ನಿಷೇಧ ಅಂತೆ. ಮೈದಾನದ ಗೇಟಿನ ಒಳಗೆ ಕಾಲಿಡೋ ಹಾಗಿಲ್ಲ ಅಂತೆ." ಅವಳು ಕಾಗದವನ್ನು ಗಾಜಿನ ಚೂರುಗಳ ಪಕ್ಕ ಇಟ್ಟಳು. "ಊರಿಗೆಲ್ಲ ಅಳತೆ ಮಾಡಿ ಕೊಯ್ದು ಕೊಡ್ತೀರಿ. ನಿಮ್ಮ ನಾಲಿಗೆ ಮಾತ್ರ ಅಳತೆ ಇಲ್ಲದೆ ಬಿಟ್ಟಿದೀರಿ."

ಅವನಿಗೆ ಐವತ್ತನಾಲ್ಕು ವರ್ಷ. ಗಾಜಿನ ಅಂಗಡಿ ಅಪ್ಪನದು. ಗಾಜಣ್ಣ ಎಂಬ ಹೆಸರು ಮಾರುಕಟ್ಟೆಯ ಹಮಾಲರು ಇಟ್ಟದ್ದು. ಮೂಟೆ ಹೊರುವ ಆ ಹಮಾಲರ ಫುಟ್ಬಾಲ್ ತಂಡಕ್ಕೆ ಅವನು ಹತ್ತೊಂಬತ್ತು ವರ್ಷದಿಂದ ಕೋಚು. ಲಾರಿಗಳು ಬಂದು ನಿಲ್ಲುವ ಮುನ್ನ, ಬೆಳಗಿನ ಐದೂವರೆಗೆ, ಮಾರುಕಟ್ಟೆಯ ಹಿಂದಿನ ಬಯಲಿನಲ್ಲಿ ಅಭ್ಯಾಸ. ಬೆನ್ನು ಗಟ್ಟಿ, ಕಾಲು ಗಟ್ಟಿ, ಆದರೆ ಓಡಿ ಅಭ್ಯಾಸವಿಲ್ಲದ ಗಂಡಸರನ್ನು ಅವನು ಕೂಗಿ, ಬೈದು, ರೇಗಿಸಿ ಎರಡನೇ ಡಿವಿಜನ್ನಿಗೆ ತಂದು ನಿಲ್ಲಿಸಿದ್ದ. ಈ ಭಾನುವಾರ ಋತುವಿನ ಕೊನೆಯ ಪಂದ್ಯ. ಗೆದ್ದರೆ ಅಲ್ಲೇ ಉಳಿಯುತ್ತಾರೆ. ಡ್ರಾ ಆದರೂ ಮೂರನೇ ಡಿವಿಜನ್ನಿಗೆ ಇಳಿಯುತ್ತಾರೆ. ಮೂರನೇ ಡಿವಿಜನ್ನಿನ ಆಟ ನಡೆಯುವುದು ಬಸ್ ಡಿಪೋ ಪಕ್ಕದ ಕಲ್ಲುಗರಸಿನ ಮೇಲೆ. ಅಲ್ಲಿ ಬಿದ್ದು ಮೊಣಕಾಲು ಒಡೆದುಕೊಂಡವನು ಮರುದಿನ ಮೂಟೆ ಹೊರಲಾರ, ಮನೆಯಲ್ಲಿ ಕೂರಬೇಕು. ಹಾಗಾಗಿ ತಂಡ ಇಳಿದರೆ ಅರ್ಧ ಜನ ಆಟ ಬಿಡುತ್ತಾರೆ. ಅದು ಗಾಜಣ್ಣನಿಗೆ ಗೊತ್ತಿತ್ತು.

ಹಿಂದಿನ ಭಾನುವಾರ ವಿದ್ಯುತ್ ಕಚೇರಿಯ ತಂಡದ ಎದುರು ಎಂಬತ್ತೊಂದನೇ ನಿಮಿಷದವರೆಗೆ ಯಾರಿಗೂ ಗೋಲಿಲ್ಲ. ಆಗ ಹಮಾಲರ ಕ್ಯಾಪ್ಟನ್ ತಲೆಯಿಂದ ಹೊಡೆದ ಚೆಂಡು ಅಡ್ಡಪಟ್ಟಿಯ ಕೆಳಗೆ ಬಡಿದು ನೇರ ನೆಲಕ್ಕೆ ಬಿತ್ತು. ಗೋಲ್‌ಕೀಪರ್ ಅದನ್ನು ಎಳೆದುಕೊಂಡ. ಈ ಮೈದಾನದಲ್ಲಿ ಕೋಚುಗಳ ಬೆಂಚು ಮಧ್ಯದ ಗೆರೆಯ ಹತ್ತಿರವಿಲ್ಲ. ಅಲ್ಲಿ ನೀರಿನ ಪಂಪಿನ ಕೋಣೆ ಇದೆ. ಬೆಂಚು ಮೂಲೆಯ ಬಾವುಟದ ಪಕ್ಕಕ್ಕಿದೆ. ಅಲ್ಲಿಂದ ನೋಡಿದರೆ ಗೋಲಿನ ಎರಡೂ ಕಂಬ ಒಂದರ ಹಿಂದೊಂದು ಸೇರಿ ಒಂದೇ ಕಂಬದಂತೆ ಕಾಣುತ್ತವೆ. ಕಂಬಕ್ಕೂ ಚೆಂಡಿಗೂ ನಡುವೆ ಗಾಜಣ್ಣನಿಗೆ ಬೆಳಕು ಕಂಡಿತು. ಬೆಳಕು ಕಂಡಿತು ಅಂದರೆ ಚೆಂಡು ಪೂರ್ತಿ ಒಳಗೆ ಹೋಗಿತ್ತು. ರೆಫರಿ ಮಾತ್ರ ಕೈ ಬೀಸಿ ಆಟ ಮುಂದುವರಿಸಿದ.

ಪಂದ್ಯ ಸೊನ್ನೆ ಸೊನ್ನೆಗೆ ಮುಗಿಯಿತು. ಹೊರಗೆ ಪತ್ರಿಕೆಯವನೊಬ್ಬ ಫೋನು ಹಿಡಿದು ಕೇಳಿದ. ಗಾಜಣ್ಣ ಹೇಳಿದ್ದು ಮರುದಿನ ಅಕ್ಷರ ಬಿಡದೆ ಅಚ್ಚಾಯಿತು: "ಕನ್ನಡಕದ ಗಾಜು ನಾನು ಕೊಯ್ಯಲ್ಲ. ಕೊಯ್ಯೋ ಹಾಗಿದ್ರೆ ಆ ರೆಫರಿಗೆ ಬಿಟ್ಟಿಯಾಗಿ ಒಂದು ಜೊತೆ ಕೊಡ್ತಿದ್ದೆ. ಮುಂದಿನ ಸಲ ಕಣ್ಣಿರೋರನ್ನ ಕಳಿಸಿ."

ಮಾರುಕಟ್ಟೆಯಲ್ಲಿ ಅದನ್ನು ಗಟ್ಟಿಯಾಗಿ ಓದಿ ಓದಿ ನಕ್ಕರು. ಗಾಜಣ್ಣನಿಗೆ ನಗು ಬರಲಿಲ್ಲ. ಸಿಟ್ಟು ಇಳಿದಿರಲಿಲ್ಲ. ಅದೇ ಸೋಮವಾರ ಮಧ್ಯಾಹ್ನ ಅಂಗಡಿಯ ಉಕ್ಕಿನ ಟೇಪು ಜೇಬಿಗೆ ಹಾಕಿಕೊಂಡು ಮೈದಾನಕ್ಕೆ ಹೋದ. ರೆಫರಿಯ ಕುರುಡುತನವನ್ನು ಮಿಲಿಮೀಟರ್ ಲೆಕ್ಕದಲ್ಲಿ ಸಾಬೀತು ಮಾಡುವುದು ಅವನ ಉದ್ದೇಶವಾಗಿತ್ತು.

ಕಂಬದ ಅಗಲ ಹನ್ನೆರಡು ಸೆಂಟಿಮೀಟರ್. ಗೆರೆಯ ಅಗಲವೂ ಅಷ್ಟೇ ಇರಬೇಕು, ಅದು ಆಟದ ನಿಯಮ. ಇವನು ಟೇಪು ಹಿಡಿದ. ಇಪ್ಪತ್ತನಾಲ್ಕು. ಇನ್ನೊಮ್ಮೆ ಹಿಡಿದ. ಇಪ್ಪತ್ತನಾಲ್ಕೇ. ಕಂಬಗಳ ನಡುವೆ ಹಳೆಯ ಮಾಸಿದ ಗೆರೆ, ಅದಕ್ಕೆ ಅಂಟಿಕೊಂಡು ಬಲೆಯ ಕಡೆಗೆ ಹೊಸ ಬೆಳ್ಳನೆಯ ಗೆರೆ.

ಮೈದಾನಕ್ಕೆ ಗೆರೆ ಎಳೆಯುವ ಎಪ್ಪತ್ತರ ಮುದುಕನನ್ನು ಎಲ್ಲರೂ ಸುಣ್ಣದ ತಾತ ಎನ್ನುತ್ತಾರೆ. ಅವನು ಬಕೆಟ್ಟು ಇಟ್ಟು ಬಂದು ಬಗ್ಗಿ ನೋಡಿ, ಹಾಗೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟ.

"ಯಾವಾಗ್ಲೂ ಹಗ್ಗಾನ ಕಂಬದ ಮುಂದಕ್ಕೆ ಕಟ್ತೀನಿ ಕಣಪ್ಪ. ಹಗ್ಗದ ಆಚೆ ಮಗ್ಗುಲಿಗೆ ಗೆರೆ ಎಳೀತೀನಿ, ಸರಿಯಾಗಿ ಕಂಬದಷ್ಟೇ ಅಗಲ ಬರತ್ತೆ. ಶನಿವಾರ ಮುಂದೆ ನೀರು ನಿಂತಿತ್ತು. ಹಗ್ಗ ನೆನೆಯುತ್ತೆ ಅಂತ ಹಿಂದಕ್ಕೆ ಕಟ್ದೆ. ಆಗ ಹಗ್ಗದ ಈಚೆ ಎಳೀಬೇಕಿತ್ತು. ಕೈ ಅಭ್ಯಾಸದ ಮೇಲೆ ಆಚೇನೇ ಎಳೆದಿದೆ ನೋಡು."

ಗಾಜಣ್ಣನಿಗೆ ಎರಡನೇ ಸಲ ಹೇಳಬೇಕಾಗಿರಲಿಲ್ಲ. ಇಪ್ಪತ್ತನೇ ವಯಸ್ಸಿನಲ್ಲಿ ಅವನೂ ಇದೇ ತಪ್ಪು ಮಾಡಿದ್ದ. ಗುರುತಿನ ಯಾವ ಮಗ್ಗುಲಿಗೆ ಕೊಯ್ಯಬೇಕು ಎಂಬುದನ್ನು ಮರೆತು ಕ್ಷೌರದಂಗಡಿಯ ಆಳೆತ್ತರದ ಕನ್ನಡಿಯನ್ನು ಹಾಳು ಮಾಡಿ, ಅಪ್ಪನಿಂದ ಕಪಾಳಕ್ಕೆ ತಿಂದಿದ್ದ.

"ಚೆಂಡು ಬಿದ್ದಾಗ ಸುಣ್ಣದ ಪುಡಿ ಎದ್ದಿತ್ತಾ ತಾತ?"

"ಎದ್ದಿತ್ತು. ನಾನೇ ನೋಡ್ದೆ."

ಪುಡಿ ಎದ್ದಿತ್ತು ಅಂದರೆ ಚೆಂಡು ಗೆರೆಯ ಮೇಲೆ. ಗೆರೆಯ ಮೇಲಿದ್ದರೆ ಗೋಲಲ್ಲ, ಗೆರೆ ಸರಿಯಾದ ಜಾಗದಲ್ಲಿದ್ದಿದ್ದರೆ ಅದೇ ಚೆಂಡು ಗೋಲು. ರೆಫರಿ ಸುಣ್ಣ ನೋಡಿದ್ದ, ಗಾಜಣ್ಣ ಕಂಬ ನೋಡಿದ್ದ. ಇಬ್ಬರ ಕಣ್ಣೂ ಸರಿಯಾಗಿಯೇ ಇದ್ದವು. ತಪ್ಪು ಜಾಗದಲ್ಲಿದ್ದುದು ಹನ್ನೆರಡು ಸೆಂಟಿಮೀಟರ್ ಸುಣ್ಣ. ಹಿಂತಿರುಗುವಾಗ ಅವನ ಕಿವಿ ಬಿಸಿಯಾಗಿತ್ತು. ಒಬ್ಬ ನೆಟ್ಟಗಿನ ಮನುಷ್ಯನನ್ನು ಊರೆದುರು ಕುರುಡನನ್ನಾಗಿ ಮಾಡಿದ್ದೆನಲ್ಲ ಎಂಬ ಸಿಟ್ಟು ಈಗ ತನ್ನ ಮೇಲೇ ತಿರುಗಿತ್ತು. ಅಂಗಡಿಗೆ ಬಂದವನೇ ಅಳತೆಯನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಚಿತ್ರ ಹಾಕಿ, ಪಂದ್ಯಗಳನ್ನು ನಡೆಸುವ ಲೀಗಿನ ಕಚೇರಿಗೆ ಕೊಟ್ಟು ಬಂದ. ಗುರುವಾರ ಅಂಚೆಯವನು ತಂದ ಲಕೋಟೆ ಅದಕ್ಕೆ ಉತ್ತರ ಇರಬೇಕು ಎಂದುಕೊಂಡಿದ್ದ.

ಆ ಕಾಗದದಲ್ಲಿ ಅಳತೆಯ ಸುದ್ದಿಯೇ ಇರಲಿಲ್ಲ. "ಪಂದ್ಯಾಧಿಕಾರಿಯ ವಿರುದ್ಧ ಸಾರ್ವಜನಿಕ ಟೀಕೆ" ಎಂದಿತ್ತು, ಆರು ಪಂದ್ಯ ಎಂದಿತ್ತು. ಕ್ಷಮಾಪಣೆಯ ನಮೂನೆಗೆ ಶುಕ್ರವಾರ ಸಂಜೆಯೊಳಗೆ ಸಹಿ ಹಾಕಿದರೆ ಶಿಕ್ಷೆ ಮುಂದಿನ ಋತುವಿನಿಂದ, ಇಲ್ಲವಾದರೆ ಈ ಭಾನುವಾರದಿಂದಲೇ.

ಸಂಜೆ ಕ್ಯಾಪ್ಟನ್ ಅಂಗಡಿಗೆ ಬಂದ. ಈರುಳ್ಳಿ ಮೂಟೆಯ ಸಿಪ್ಪೆ ಇನ್ನೂ ಹೆಗಲಿಗೆ ಅಂಟಿತ್ತು.

"ಅಣ್ಣಾ, ಸಹಿ ಎಸೆದು ಬನ್ನಿ. ಅದರಲ್ಲೇನಿದೆ? ನಾವು ದಿನಾ ಓದದೆ ಎಷ್ಟು ಕಡೆ ಹೆಬ್ಬೆಟ್ಟು ಒತ್ತಲ್ಲ?"

"ಓದದೆ ಒತ್ತಿದ್ದಕ್ಕೇ ಇನ್ನೂ ಮೂಟೆ ಹೊರ್ತಿದ್ದೀಯ."

"ಬೈಯಿರಿ. ಭಾನುವಾರಾನೂ ಹೀಗೇ ಬೈಯ್ತಾ ಬೆಂಚಲ್ಲಿ ಕೂತಿರಿ, ಅಷ್ಟು ಸಾಕು. ನೀವು ಕೂಗದೆ ಇದ್ರೆ ಹಿಂದೆ ಆಡೋ ನಮ್ಮ ಬ್ಯಾಕುಗಳು ನಿಂತಲ್ಲೇ ನಿದ್ದೆ ಮಾಡ್ತಾರೆ."

ಹೆಂಡತಿಯೂ ಒಳಗಿನಿಂದ ಹೇಳಿದಳು: "ಆ ಮನುಷ್ಯನಿಗೆ ತಪ್ಪಾಯ್ತು ಅನ್ನಬೇಕು ಅಂತ ನೀವೇ ಮೂರು ದಿನದಿಂದ ಗೊಣಗ್ತಿದ್ದೀರಿ. ಹೋಗಿ ಅಂದುಬಿಡಿ."

ಮಾತು ಸರಿಯಾಗಿತ್ತು. ಶುಕ್ರವಾರ ನಾಲ್ಕು ಗಂಟೆಗೆ ಅವನು ಲೀಗಿನ ಕಚೇರಿಯ ಮೆಟ್ಟಿಲು ಹತ್ತಿದ. ಒಂದೇ ಕೋಣೆ. ಗೋಡೆಗೆ ಹಳೆಯ ತಂಡಗಳ ಫೋಟೋ, ಮೂಲೆಯಲ್ಲಿ ಬಹುಮಾನದ ಕಪ್ಪುಗಳ ಬೀರು. ಬೀರುವಿನ ಗಾಜು ಅಡ್ಡಕ್ಕೆ ಸೀಳಿ, ಮೇಲೆ ಕಂದು ಟೇಪು ಮೆತ್ತಿದ್ದರು. ಮೇಜಿನ ಹಿಂದೆ ಕಾರ್ಯದರ್ಶಿ, ಪಕ್ಕದ ಕುರ್ಚಿಯಲ್ಲಿ ರೆಫರಿ. ರೆಫರಿ ವಾರವೆಲ್ಲ ಅಂಚೆ ಕಚೇರಿಯಲ್ಲಿ ಗುಮಾಸ್ತ. ಬಿಳಿ ಅಂಗಿ ತೊಟ್ಟಾಗ ಮೈದಾನದಲ್ಲಿರುವುದಕ್ಕಿಂತ ಸಣ್ಣವನಾಗಿ ಕಂಡ.

ಗಾಜಣ್ಣ ಕೂರುವ ಮೊದಲೇ ರೆಫರಿಯ ಕಡೆ ತಿರುಗಿದ. "ಸಾರ್, ನಿಮ್ಮ ಕಣ್ಣು ಸರಿಯಾಗಿತ್ತು. ಚೆಂಡು ಸುಣ್ಣದ ಮೇಲೇ ಬಿತ್ತು. ನಾನು ಅಂದಿದ್ದು ತಪ್ಪು, ಅದೂ ನಾಲ್ಕು ಜನರ ಎದುರು. ಮನಸ್ಸಲ್ಲಿ ಇಟ್ಕೋಬೇಡಿ."

ರೆಫರಿ ಎದ್ದು ನಿಂತು ಕೈ ಹಿಡಿದುಕೊಂಡ. "ಗೆರೆ ಅಗಲ ಇದೆ ಅಂತ ಆಟ ಮುಗಿದ ಮೇಲೆ ನನಗೂ ಹೊಳೀತು. ಮೊದಲೇ ನೋಡಬೇಕಿತ್ತು, ಅದು ನನ್ನ ತಪ್ಪು. ವರದಿಯಲ್ಲಿ ಬರೆದಿದ್ದೀನಿ."

"ಅದು ಬೇರೆ ಫೈಲು," ಎಂದ ಕಾರ್ಯದರ್ಶಿ. "ನೀವು ಸುಮ್ನಿರಿ. ರೆಫರಿಗಳು ಪಂದ್ಯದ ಬಗ್ಗೆ ಹೊರಗಿನವರ ಹತ್ರ ಬಾಯಿ ಬಿಡೋ ಹಾಗಿಲ್ಲ. ಗೊತ್ತಲ್ವಾ?"

ರೆಫರಿ ಕುಳಿತ.

ಕಾರ್ಯದರ್ಶಿ ನಮೂನೆಯನ್ನು ಮುಂದೆ ತಳ್ಳಿದ. ಎರಡೇ ಸಾಲು. "ನಾನು ರೆಫರಿಯ ಬಗ್ಗೆ ಆಡಿದ ಮಾತಿಗೆ ವಿಷಾದಿಸುತ್ತೇನೆ" ಎಂಬುದು ಮೊದಲನೆಯದು. "ಮೈದಾನದ ವ್ಯವಸ್ಥೆಯಲ್ಲಿ ಯಾವುದೇ ಲೋಪ ಇರಲಿಲ್ಲವೆಂದು ಒಪ್ಪುತ್ತೇನೆ" ಎಂಬುದು ಎರಡನೆಯದು.

"ಮೊದಲನೇದಕ್ಕೆ ಎರಡು ಸಲ ಸಹಿ ಹಾಕ್ತೀನಿ. ಎರಡನೇದು ಸುಳ್ಳು."

"ನಮೂನೆ ಇರೋದೇ ಹಾಗೆ. ಎಲ್ಲರೂ ಹಾಕಿದ್ದಾರೆ."

"ನಾನು ಅಳತೆ ಬರೆದು ಕೊಟ್ಟಿದ್ದೆ. ಓದಿದ್ರಾ?"

"ನೋಡಿ ಸ್ವಾಮಿ, ಹೇಳಿದ್ದು ನಿಜಾನೋ ಸುಳ್ಳೋ ಅನ್ನೋದು ಈ ನಿಯಮದ ವ್ಯಾಪ್ತಿಗೆ ಬರಲ್ಲ. ಹೇಳಿದ್ರಾ ಇಲ್ವಾ, ಅಷ್ಟೇ."

ಗಾಜಣ್ಣ ನಮೂನೆಯನ್ನು ಹತ್ತಿರಕ್ಕೆ ಎಳೆದುಕೊಂಡ. ತಪ್ಪು ಮಾಡಿದವನು ತಾನು, ತಪ್ಪಾಯಿತು ಎಂದದ್ದೂ ಆಯಿತು. ಸುಣ್ಣದ ತಾತ ತನ್ನ ತಪ್ಪು ಒಪ್ಪಿದ್ದ, ರೆಫರಿ ತನ್ನದನ್ನು ಒಪ್ಪಿದ. ಒಪ್ಪದೆ ಉಳಿದದ್ದು ಈ ಮೇಜು ಒಂದೇ, ಶಿಕ್ಷೆ ಕೊಡುವ ಅಧಿಕಾರವೂ ಇದಕ್ಕೇ. ಮೂಟೆ ಹೊರುವವರ ಒಂದು ವರ್ಷದ ಆಟ ಬೇರೆ ಫೈಲಿನಲ್ಲಿ ಮಲಗಿತ್ತು. ಅವನು ಪೆನ್ನು ತೆಗೆದು, ನಮೂನೆಯ ಅಂಚನ್ನೇ ಅಳತೆಪಟ್ಟಿ ಮಾಡಿಕೊಂಡವನಂತೆ ನಿಧಾನವಾಗಿ, ಎರಡನೇ ಸಾಲಿನ ಮೇಲೆ ನೇರವಾದ ಒಂದು ಗೆರೆ ಎಳೆದ. ಕೆಳಗೆ ಸಹಿ ಹಾಕಿದ.

"ಹೊಡೆದು ಹಾಕಿದ ನಮೂನೆ ಊರ್ಜಿತ ಆಗಲ್ಲ," ಎಂದ ಕಾರ್ಯದರ್ಶಿ. "ಭಾನುವಾರ ಗೇಟಿನ ಹತ್ರ ಬಂದ್ರೆ ನಿಮ್ಮ ತಂಡಾನೇ ಸೋತ ಹಾಗೆ ಬರೀತೀವಿ."

"ಬರಲ್ಲ."

ಗಾಜಣ್ಣ ಬಾಗಿಲಿನ ತನಕ ಹೋಗಿದ್ದ. ಹಿಂದಿನಿಂದ ಕಾರ್ಯದರ್ಶಿ ಮಾಮೂಲಿ ದನಿಯಲ್ಲಿ ಕರೆದ. "ಹಾಂ, ಹೇಗೂ ಬಂದಿದ್ದೀರಲ್ಲ, ಆ ಬೀರುವಿನ ಗಾಜಿನ ಅಳತೆ ತಗೊಂಡು ಹೋಗಿ. ಮುಂದಿನ ವಾರ ಅತಿಥಿಗಳು ಬರ್ತಾರೆ."

ಗಾಜಣ್ಣ ಬೀರುವನ್ನು ನೋಡಿದ, ಕಾರ್ಯದರ್ಶಿಯನ್ನು ನೋಡಿದ. "ಅಳತೆ ತಗೊಳ್ಳೋದು ನಿಮ್ಮ ನಿಯಮದ ವ್ಯಾಪ್ತಿಗೆ ಬರಲ್ಲ ಸಾರ್. ಟೇಪೇ ಮೆತ್ಕೊಳ್ಳಿ."

ರೆಫರಿ ನಗು ಮುಚ್ಚಲು ಕೆಮ್ಮಿದ.

ಅಂಗಡಿಯಲ್ಲಿ ಹೆಂಡತಿ ಅವನ ಮುಖ ನೋಡಿಯೇ ವಿಷಯ ತಿಳಿದುಕೊಂಡಳು. ಕ್ಯಾಪ್ಟನ್ ಅಲ್ಲೇ ಸ್ಟೂಲಿನ ಮೇಲೆ ಕಾಯುತ್ತಿದ್ದ. ನಡೆದದ್ದನ್ನು ಗಾಜಣ್ಣ ಪೂರ್ತಿ ಹೇಳಿದ.

"ನಮ್ಮನ್ನ ನಡುನೀರಲ್ಲಿ ಬಿಟ್ರಲ್ಲ ಅಣ್ಣಾ," ಎಂದ ಕ್ಯಾಪ್ಟನ್. ದನಿಯಲ್ಲಿ ತಮಾಷೆ ಇರಲಿಲ್ಲ. "ನಿಮ್ಮ ಮಾತು ಉಳೀತು. ನಾವು ಉಳೀತೀವಾ?"

ಹೆಂಡತಿ ಗೋಡೆಗೆ ತೂಗುಹಾಕಿದ್ದ ತಂಡದ ನೋಂದಣಿ ಹಾಳೆಯನ್ನು ಇಳಿಸಿದಳು. ಲೀಗಿನ ಅರ್ಜಿಯಲ್ಲಿ ಸಹಾಯಕ ಕೋಚು ಎಂಬ ಖಾನೆಯನ್ನು ಖಾಲಿ ಬಿಡುವಂತಿಲ್ಲ ಎಂದು ಹತ್ತೊಂಬತ್ತು ವರ್ಷದಿಂದ ಅಲ್ಲಿ ಅವಳ ಹೆಸರು ಬರೆಯುತ್ತಿದ್ದರು. ನೀರಿನ ಬಾಟಲಿ ತುಂಬಿಸಿಕೊಂಡು, ಬೆಂಚಿನ ತುದಿಯಲ್ಲಿ ಕುಳಿತು, ಅವಳು ಒಂದು ಪಂದ್ಯವನ್ನೂ ತಪ್ಪಿಸಿರಲಿಲ್ಲ.

"ನಿಮ್ಮ ಎಡಗಡೆ ಬ್ಯಾಕು ಅರ್ಧ ಆಟ ಆದ್ಮೇಲೆ ಮುಂದೆ ಹೋದ್ರೆ ವಾಪಸ್ ಬರಲ್ಲ," ಎಂದಳು ಕ್ಯಾಪ್ಟನಿಗೆ. "ಅವನಿಗೆ ಹೇಳಿಡು, ನಾನು ಇವರ ಥರ ಬರೀ ಕೂಗಲ್ಲ, ಬಾಟಲಿ ಎಸೀತೀನಿ."

ಕ್ಯಾಪ್ಟನ್ ಅವಳನ್ನೇ ನೋಡಿದ. ಆಮೇಲೆ ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. "ಸರಿ ಅಕ್ಕ. ಬಲಗಡೆ ಯಾರನ್ನ ಹಾಕೋಣ ಹೇಳಿ."

ಪಂದ್ಯ ಭಾನುವಾರ ನಾಲ್ಕು ಗಂಟೆಗೆ. ಗಾಜಣ್ಣ ಅಂಗಡಿಯಲ್ಲಿರುತ್ತಾನೆ. ಅವನ ಹೆಂಡತಿ ಮೂರು ಗಂಟೆಗೇ ಮೈದಾನಕ್ಕೆ ಹೋಗಿ, ರೆಫರಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಉಕ್ಕಿನ ಟೇಪಿನಲ್ಲಿ ಎರಡೂ ಗೋಲುಗಳ ಗೆರೆ ಅಳೆಯುತ್ತಾಳೆ.