ಕೋಚ್ ಸರ್ ಕೇಳಿದ ಕ್ಷಮೆ

ಮೊನ್ನೆ ನೋಯ್ಡಾದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿಲಿಗಿಟ್ಟಿದ್ದೆ. ಜನವರಿ ಬಂತೆಂದರೆ ಇಲ್ಲಿ ಅದು ಬೆಣ್ಣೆಯಂತೆ ಗಟ್ಟಿಯಾಗಿ ಕೂತುಬಿಡುತ್ತದೆ. ಮುಚ್ಚಳ ತೆಗೆದಾಗ ಬೇರೆಯವರಿಗೆ ಅಮ್ಮ, ಎಣ್ಣೆಸ್ನಾನ ಎಲ್ಲ ನೆನಪಾಗಬಹುದು. ನನಗೆ ನೆನಪಾಗುವುದು ಚರ್ಮದ ಗ್ಲವ್, ಅದರ ಹಿಂದೆಯೇ ನಮ್ಮ ಕೋಚ್ ಸರ್...

ಆಗ ಅಪ್ಪನಿಗೆ ಸರೋಜಿನಿ ನಗರದಲ್ಲಿ ಸರ್ಕಾರಿ ಕ್ವಾರ್ಟರ್ಸ್ ಇತ್ತು. ಶಾಲೆಯ ಹುಡುಗಿಯರ ಬೇಸ್‌ಬಾಲ್ ತಂಡದಲ್ಲಿ ನಾನು ಪಿಚರ್, ಅಂದರೆ ಬ್ಯಾಟ್ ಹಿಡಿದವಳಿಗೆ ಚೆಂಡು ಎಸೆಯುವವಳು. ಅಪ್ಪನಿಗೆ ಈ ಆಟ ಕೊನೆಯವರೆಗೂ ತಲೆಗೆ ಹತ್ತಲಿಲ್ಲ. "ಅಷ್ಟು ದೂರ ಹೊಡೆದ್ಮೇಲೂ ಯಾಕೆ ಓಡ್ಬೇಕು?" ಎಂದು ಪ್ರತಿ ಸಲ ಕೇಳುತ್ತಿದ್ದರು.

ಕೋಚ್ ಸರ್ ಹರಿಯಾಣದವರು. ಸಣಕಲು ದೇಹ, ತಲೆಗೆ ಉಣ್ಣೆಯ ಟೋಪಿ, ಕೊರಳಲ್ಲಿ ಎಂದೂ ಊದದ ಸೀಟಿ. "ಬಾಲ್ ಬಾದ್ ಮೇಂ, ಪಹಲೇ ಬದನ್ ಬೋಲ್ತಾ ಹೈ" ಎನ್ನುತ್ತಿದ್ದರು. ಚೆಂಡಿಗಿಂತ ಮೊದಲು ಮೈ ಮಾತಾಡುತ್ತದೆ ಎಂದು. ಮೊದಲ ತಿಂಗಳು ಪೂರ್ತಿ ನನ್ನ ಕೈಗೆ ಚೆಂಡನ್ನೇ ಕೊಡದೆ, ಮೈದಾನದ ನಡುವಿನ ದಿಬ್ಬಕ್ಕೆ ನಡೆದುಹೋಗಿ ನಿಲ್ಲುವುದನ್ನಷ್ಟೇ ಕಲಿಸಿದರು. ಮನೆಯಲ್ಲಿ ಅಜ್ಜಿಗೆ ಹೆಣ್ಣುಮಕ್ಕಳು ತಲೆ ತಗ್ಗಿಸಿ ನಡೆಯಬೇಕು, ಇಲ್ಲಿ ಇವರಿಗೆ ಗಲ್ಲ ಮೇಲಿರಬೇಕು. ನಾನು ಬಸ್‌ಸ್ಟಾಪಿನಲ್ಲಿ ಕತ್ತು ಬದಲಾಯಿಸಿಕೊಳ್ಳುತ್ತಿದ್ದೆ! ಎದುರಾಳಿ ಬ್ಯಾಟನ್ನು ಹಿಡಿದ ರೀತಿ ನೋಡಿಯೇ ಅವಳು ಹೆದರಿದ್ದಾಳೋ ಇಲ್ಲವೋ ಎಂದು ಸರ್ ಹೇಳುತ್ತಿದ್ದರು. ಅದು ತಪ್ಪಿದ್ದನ್ನು ನಾವು ಕಂಡಿರಲಿಲ್ಲ.

ಆ ಚಳಿಗಾಲದ ಫೈನಲ್ ನೋಡಿ ದೆಹಲಿ ತಂಡವನ್ನು ಆರಿಸುವುದಿತ್ತು. ನನಗೆ ಆಗ ಬೇಕಿದ್ದದ್ದು ಅದೊಂದೇ. ಗ್ಲವ್‌ಗಳಿಗೆ ಎಣ್ಣೆ ಹಚ್ಚಿಕೊಂಡು ಬನ್ನಿ, ಚರ್ಮ ಮೆದುವಾಗುತ್ತದೆ ಎಂದು ಸರ್ ಹೇಳಿದ್ದರು. ಉಳಿದವರ ಮನೆಯಲ್ಲಿ ಸಾಸಿವೆ ಎಣ್ಣೆ. ನಮ್ಮಮ್ಮನಿಗೆ ಕೂದಲಿಗೂ ಕಾಲಿನ ಒಡಕಿಗೂ ಕೊಬ್ಬರಿ ಎಣ್ಣೆಯೇ ಮದ್ದು. ಬಿಸಿಲಲ್ಲಿ ಕರಗಿಸಿ, ಗ್ಲವ್‌ಗೂ ಧಾರಾಳವಾಗಿ ಬಳಿದು ಕೊಟ್ಟಳು.

ಬೆಳಗಿನ ಚಳಿಗೆ ಎಣ್ಣೆ ಗಟ್ಟಿಯಾಗಿ ಗ್ಲವ್ ಹಪ್ಪಳದ ಹಾಗಿತ್ತು. ಆಟ ಶುರುವಾಗಿ ಕೈ ಬಿಸಿಯಾದ ಮೇಲೆ ಕರಗಿತು, ಚೆಂಡಿಗೆ ಮೆತ್ತಿಕೊಂಡಿತು. ನನ್ನ ಬೆರಳಿಂದ ಜಾರಿದ ಚೆಂಡು ಎದುರಿನ ಹುಡುಗಿಯ ಮೊಣಕೈಗೆ ಬಡಿಯಿತು. ಅವಳು ಅಲ್ಲೇ ಕೂತು ಅಳತೊಡಗಿದಳು. ನಾನು ಓಡಿಹೋಗಿ ಕೈ ಮುಗಿದೆ. ದಿಬ್ಬಕ್ಕೆ ವಾಪಸಾದಾಗ ಸರ್ ಅಲ್ಲಿ ನಿಂತಿದ್ದರು. ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು.

"ಡರ್ ಗಯೀ ಹೈ ತೂ. ಚಲೋ, ಬೈಠ್ ಜಾ."

ಹೆದರಿದ್ದೀಯ, ಹೋಗಿ ಕೂರು ಎಂದವರೇ ಚೆಂಡನ್ನು ಇಸಿದುಕೊಂಡರು. ಕೈಗೆ ಉಣ್ಣೆಯ ಗವಸಿದ್ದುದರಿಂದ ಅವರಿಗೆ ಜಿಡ್ಡು ತಿಳಿಯಲಿಲ್ಲ. ನಾವು ಸೋತೆವು. ದೆಹಲಿ ತಂಡದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ.

ಮುಂದಿನ ಭಾನುವಾರ ಸರ್ ನಮ್ಮ ಮನೆ ಬಾಗಿಲಲ್ಲಿದ್ದರು, ಕೈಯಲ್ಲಿ ನಾನು ತಂಡದ ಕಿಟ್‌ಬ್ಯಾಗಿನಲ್ಲಿ ಬಿಟ್ಟುಬಂದ ಗ್ಲವ್. ಅದರ ಹೊಲಿಗೆಯಲ್ಲೆಲ್ಲ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಅಪ್ಪ ಕೂರಲು ಹೇಳಿದರೂ ಕೂರಲಿಲ್ಲ. ಭುಜ ನೆಟ್ಟಗಿಟ್ಟು, ಹದಿನೈದರ ನನ್ನ ಕಣ್ಣನ್ನೇ ನೋಡುತ್ತ ಹೇಳಿದರು: "ಹಾಥ್ ಫಿಸಲಾ ಥಾ, ಬೇಟಾ. ಮೈಂನೇ ಸಮ್ಝಾ ತೂ ಡರ್ ಗಯೀ. ಗಲತೀ ಮೇರೀ ಹೈ. ಮಾಫ್ ಕರ್ ದೇ." ಜಾರಿದ್ದು ಕೈ, ನೀನು ಹೆದರಿದೆ ಅಂದುಕೊಂಡೆ, ತಪ್ಪು ನನ್ನದು, ಕ್ಷಮಿಸು ಎಂದು.

"ಅಯ್ಯೋ, ಎಣ್ಣೆ ಹಚ್ಚಿದ್ದು ನಾನು ಕಣ್ರೀ!" ಎಂದು ಅಮ್ಮ ಕನ್ನಡದಲ್ಲೇ ಅಂದುಬಿಟ್ಟಳು.

ನಾನು ನೆಲ ನೋಡುತ್ತಿದ್ದೆ. "ಏನಾದ್ರೂ ಹೇಳೇ, ಅಷ್ಟು ದೊಡ್ಡವರು ಕೇಳ್ತಿದಾರೆ" ಎಂದು ಅಪ್ಪ ಗದರಿದರು. "ಕೋಯೀ ಬಾತ್ ನಹೀಂ, ಸರ್," ಪರವಾಗಿಲ್ಲ ಎಂದಷ್ಟೇ ಹೇಳಿ ಒಳಗೆ ಓಡಿದೆ.

ಆಮೇಲೆ ಸರ್ ಬದಲಾದರು. ಯಾರನ್ನಾದರೂ ಆಟದಿಂದ ಹೊರಗೆ ಕರೆಯುವ ಮೊದಲು ಹತ್ತಿರ ಹೋಗಿ, ಜಾರಿದ್ದು ಕೈಯೋ ಎದೆಯೋ ಎಂದು ಕೇಳತೊಡಗಿದರು. ನೋಡಿದ ತಕ್ಷಣ ಹೇಳುತ್ತಿದ್ದ ಮನುಷ್ಯ ಈಗ ಎರಡೆರಡು ಸಲ ನೋಡುತ್ತಿದ್ದರು... ಅದನ್ನು ಕಂಡಾಗಲೆಲ್ಲ ನನಗೆ ಮೈದಾನ ಬಿಟ್ಟು ಓಡಿಹೋಗಬೇಕೆನಿಸುತ್ತಿತ್ತು. ಕಾಲೇಜಿಗೆ ಸೇರಿದ್ದೇ ಆಟ ಬಿಟ್ಟೆ. ಗುರುಗ್ರಾಮದಲ್ಲಿ ಕೆಲಸ, ಮದುವೆ, ಮಗಳು. ಫೋನ್ ಮಾಡಬೇಕು ಎಂದುಕೊಳ್ಳುತ್ತಲೇ ವರ್ಷಗಳು ಹೋದವು.

ಮೊನ್ನೆ ಬಾಲ್ಕನಿಯಿಂದ ಎದ್ದುಬಂದವಳೇ, ನನ್ನ ಎಸೆತಗಳನ್ನು ಹಿಡಿಯುತ್ತಿದ್ದ ಹಳೆಯ ಗೆಳತಿಗೆ ಫೋನ್ ಮಾಡಿ ಸರ್ ನಂಬರ್ ಕೇಳಿದೆ. ಅವಳೀಗ ಅದೇ ಶಾಲೆಯಲ್ಲಿ ಕೋಚ್.

"ತುಝೇ ಕಿಸೀನೇ ಬತಾಯಾ ನಹೀಂ?" ಎಂದಳು, ನಿನಗೆ ಯಾರೂ ಹೇಳಲಿಲ್ಲವೇ ಎಂದು. ದೀಪಾವಳಿಗೆ ಮೊದಲೇ ಸರ್ ಹೋಗಿಬಿಟ್ಟಿದ್ದರು.

ಕೊನೆಯವರೆಗೂ ಹೊಸ ಹುಡುಗಿಯರಿಗೆಲ್ಲ ನನ್ನ ಗ್ಲವ್ ಕಥೆ ಹೇಳುತ್ತಿದ್ದರಂತೆ. ತಮ್ಮ ಕಣ್ಣು ಒಮ್ಮೆ ಮೋಸಹೋಯಿತು, ಒಂದು ಮಗುವಿಗೆ ಅನ್ಯಾಯವಾಯಿತು, ಆದ್ದರಿಂದ ತಾವು ಕೇಳಿದಾಗ ಬಾಯಿಬಿಟ್ಟು ಹೇಳಿ ಎನ್ನುತ್ತಿದ್ದರಂತೆ. ನಂಬರ್ ಯಾಕೆ ಬೇಕಿತ್ತು ಎಂದು ಗೆಳತಿ ಕೇಳಿದಳು. "ಐಸೇ ಹೀ" ಎಂದೆ, ಸುಮ್ಮನೆ ಎಂದು.

ಎಣ್ಣೆಗೆ ಕೈ ಜಾರಿದ್ದು ನಿಜ. ಆದರೆ ಆ ಹುಡುಗಿ ಮೊಣಕೈ ಹಿಡಿದು ಅತ್ತಾಗ ನಾನು ಹೆದರಿದ್ದೆ. ಇನ್ನೊಂದು ಚೆಂಡು ಎಸೆಯುವ ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ. ಯಾರಾದರೂ ಬಂದು ನನ್ನನ್ನು ಕೂರಿಸಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತ ದಿಬ್ಬದ ಕಡೆ ನಡೆದಿದ್ದೆ. ಅಲ್ಲಿ ಸರ್ ನಿಂತಿದ್ದರು, ನನ್ನ ಮುಖ ನೋಡಿದರು, ಸರಿಯಾಗಿಯೇ ಓದಿದರು.