ಬಂದವರ ಊರಿಗೆ ಹೋಗುವ ಸುರಂಗ

ಮಳಖೇಡದ ಕೋಟೆಯ ಎದುರು ಚಹಾದ ಹೋಟೆಲ್ ಇಟ್ಟಿರುವ ಮಡಿವಾಳಯ್ಯನಿಗೆ ಇತಿಹಾಸದಲ್ಲಿ ಭಾರಿ ಪಾಂಡಿತ್ಯ. ಯಾವ ಪುಸ್ತಕವನ್ನೂ ಓದದೆ ಬಂದ ಪಾಂಡಿತ್ಯವಾದ್ದರಿಂದ ಅದಕ್ಕೆ ಎದುರಾಡುವ ಪುಸ್ತಕವೂ ಇರಲಿಲ್ಲ. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಟವೆಲ್ಲು, ಬಾಯಲ್ಲಿ ರಾಷ್ಟ್ರಕೂಟರು. ಕೋಟೆ ನೋಡಲು ಬಂದವರಿಗೆ ಅಲ್ಲಿ ನೋಡಲು ಉಳಿದದ್ದು ಅಷ್ಟಕ್ಕಷ್ಟೇ: ಬಿದ್ದ ಗೋಡೆ, ಜಾಲಿಕಂಟಿ, ಕಂಟಿಯ ಸಂದಿಯಲ್ಲಿ ಮೇಯುವ ಆಡು. ಆ ಕೊರತೆ ತುಂಬಲೆಂದೇ ದೇವರು ಮಡಿವಾಳಯ್ಯನನ್ನು ಹುಟ್ಟಿಸಿದ್ದ. ಅವನು ಚಹಾದ ಜೊತೆಗೆ ಸುರಂಗವನ್ನೂ ಕೊಡುತ್ತಿದ್ದ.

ಸುರಂಗವೆಂದರೆ ಒಂದು ಕುಸಿದ ಬುರುಜಿನ ಬುಡದಲ್ಲಿದ್ದ ಕರಿ ತೂತು. ಮನುಷ್ಯ ಬಗ್ಗಿದರೆ ಹಿಡಿಸುವಷ್ಟು ದೊಡ್ಡದು. ಅದು ಎಲ್ಲಿಗೆ ಹೋಗುತ್ತದೆ ಎಂಬುದು ಕೇಳಿದವರ ಊರಿನ ಮೇಲೆ ನಿಂತಿತ್ತು. "ಯಾವೂರ್ರಿ ನಿಮ್ಮದು?" ಎಂದು ಕೇಳಿಯೇ ಅವನು ಚಹಾ ಸೋಸುತ್ತಿದ್ದ. ಸೇಡಂನವರಿಗೆ ಅದು ಸೀದಾ ಸೇಡಂ. ಚಿಂಚೋಳಿಯವರಿಗೆ ಅಡವಿಯ ನಡುವೆ. ಶಹಾಬಾದಿನವರಿಗೆ ಉದ್ದಕ್ಕೂ ಫರ್ಸಿ ಕಲ್ಲು ಹಾಸಿದ ಸುರಂಗ. ವಾಡಿಯವರು ಬಂದಾಗ ರೈಲು ಹುಟ್ಟುವ ಮೊದಲೇ ಅದು ಜಂಕ್ಷನ್ ಮುಟ್ಟಿತ್ತು. ಇದು ಸುಳ್ಳು ಎಂದು ಅವನಿಗೆ ಒಮ್ಮೆಯೂ ಅನಿಸಿದ್ದಿಲ್ಲ. ಮನೆಗೆ ಬಂದವರಿಗೆ ಅವರಿಗೆ ಸೇರುವ ಪಲ್ಯವನ್ನೇ ಮಾಡುವುದಿಲ್ಲವೇ?

"ನೀವು ಒಳಗ ಹೋಗೀರೇನ್ರಿ?" ಎಂದು ಕೇಳಿದರೆ, "ಹರೇದಾಗ ಹೋಗಿ ಬಂದೀನ್ರಿ. ಈಗ ನಾಗರ ಸೇರ್ಕೊಂಡದ, ಹೋಗಬ್ಯಾಡ್ರಿ" ಎನ್ನುತ್ತಿದ್ದ. ಅಸಲಿಗೆ ಅವನು ಅದರೊಳಗೆ ಹೆಬ್ಬೆರಳನ್ನೂ ಇಟ್ಟವನಲ್ಲ. ಕತ್ತಲೆಂದರೆ ಅವನಿಗೆ ಕೈಕಾಲು ನಡುಕ. ಅದು ಗೊತ್ತಿದ್ದವಳು ಹೆಂಡತಿ ಮಹಾದೇವಮ್ಮ ಒಬ್ಬಳೇ. "ಕರೆಂಟ್ ಹೋದ್ರ ಹಿತ್ತಲಿಗಿ ಹೋಗಲಾಕ ಅಂಜೋರು ಚಿತ್ತಾಪುರ ತನ ಹೋಗಿ ಬಂದಾರಂತ!" ಎಂದು ಅವಳು ನಗುತ್ತಿದ್ದಳು, ಅವನ ಎದುರಿಗೇ. ಊರವರು ಮಾತ್ರ ಪೂರಾ ನಂಬಿದ್ದರು. ಹೊಲದ ಬದುವಿನ ಜಗಳವಿರಲಿ, ಮದುವೆಯ ಮಾತುಕತೆಯಿರಲಿ, ಅಯ್ಯನೋರು ಹೇಳಿದರೆ ಮುಗಿಯಿತು. ಜಂಗಮನ ಮಾತು ಎಂಬ ಆ ಒಂದು ಬೆಲೆಯ ಹೊರತು ಅವನಿಗೆ ಬೇರೆ ಆಸ್ತಿ ಇರಲಿಲ್ಲ. ಅದು ಹೋದರೆ ತಾನು ಬರೀ ಚಹಾ ಕಾಸುವವನು ಎಂಬ ಅಂಜಿಕೆ ಕತ್ತಲಿನ ಅಂಜಿಕೆಗಿಂತ ದೊಡ್ಡದಾಗಿತ್ತು.

ಒಂದು ಭಾನುವಾರ ಆಗಬಾರದ್ದು ಆಯಿತು. ಚಿತ್ತಾಪುರದ ಕಾಂಟ್ರ್ಯಾಕ್ಟರ್ ಮುಜೀಬ ತನ್ನ ಬೀಗರನ್ನೆಲ್ಲ ಜೀಪಿನಲ್ಲಿ ತುಂಬಿಕೊಂಡು, ತಮ್ಮೂರಿನ ಸುರಂಗ ತೋರಿಸಲು ಬಂದ. ಅದೇ ಹೊತ್ತಿಗೆ ಸೇಡಂನ ಮಾಸ್ತರ ಅರುಣಕುಮಾರ ತನ್ನ ಗೆಳೆಯರೊಂದಿಗೆ, ತಮ್ಮೂರಿನ ಸುರಂಗ ತೋರಿಸಲು ಬಂದ. ಎರಡೂ ಊರು ಒಂದೇ ತೂತಿನ ಮುಂದೆ ಎದುರುಬದುರು ನಿಂತವು.

"ಇದು ಚಿತ್ತಾಪುರಕ್ಕ ಹೋತದ. ಅಯ್ಯನೋರೇ ಹೇಳ್ಯಾರ," ಎಂದ ಮುಜೀಬ.

"ಯಾವ ಅಯ್ಯನೋರು? ನಮಗ ಸೇಡಂ ಅಂತ ಹೇಳ್ಯಾರಲ್ಲ!" ಎಂದ ಅರುಣಕುಮಾರ.

ಎರಡೂ ಕಡೆಯವರು ತಿರುಗಿ ಮಡಿವಾಳಯ್ಯನನ್ನು ನೋಡಿದರು. ಸುರಂಗ ನಡುವೆ ಕವಲೊಡೆಯುತ್ತದೆ ಎಂದುಬಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದ. ಆದರೆ ಎಂದೂ ಕೈಕೊಡದ ನಾಲಿಗೆ ಆವತ್ತೇ ಕೈಕೊಟ್ಟಿತು. ಅವನು ಬೆವರು ಒರೆಸಿಕೊಂಡ. "ನೀವು ಹೋಗಿ ಬಂದೋರು ಇದ್ದೀರಿ. ನಡೀರಿ, ನಮ್ಮೆದುರಿಗಿ ಒಮ್ಮೆ ಇಳೀರಿ," ಎಂದು ಇಬ್ಬರೂ ಒಂದೇ ದನಿಯಲ್ಲಿ ಹೇಳಿದರು.

ನೆಲದಡಿ ಜೋಳ ತುಂಬಿಡುವ ಹಗೇವುಗಳ ನಾಡು ಅದು. ಮುಚ್ಚಿದ ನೆಲದೊಳಗೆ ಇಳಿಯುವ ಮೊದಲು ದೀಪ ಬಿಟ್ಟು ನೋಡುವುದು ರೂಢಿ. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ, ಇಳಿಯಬಾರದು. ನಾಗರನ ಹೆಸರು ಹೇಳಿದರೂ ಯಾರೂ ಅಂಜದಿದ್ದಾಗ ಮಡಿವಾಳಯ್ಯ ಈ ರೂಢಿಗೆ ಜೋತುಬಿದ್ದ. ಕಂದೀಲು ತರಿಸಿ, ಹಗ್ಗ ಕಟ್ಟಿ ಒಳಗೆ ಬಿಟ್ಟು, ಅದು ಆರಲಿ ಎಂದು ಮನೆದೇವರಿಗೆ ಹರಕೆ ಹೊತ್ತ. ಕಂದೀಲು ಗರ್ಭಗುಡಿಯ ನಂದಾದೀಪದ ಹಾಗೆ ಶಾಂತವಾಗಿ ಉರಿಯಿತು.

ಇಳಿದ. ಅಂಡು ನೆಲಕ್ಕೆ ಹಚ್ಚಿ, ಕಣ್ಣು ಮುಚ್ಚಿಕೊಂಡು ಜಾರಿದ. ದಾರಿ ಒಮ್ಮೆ ಬಾಗಿತು, ಅಷ್ಟೇ, ಮುಗಿದುಹೋಯಿತು. ಕಣ್ಣು ಬಿಟ್ಟರೆ, ಬಾಗಿನ ಆಚೆ ಉಳಿದ ಕಂದೀಲಿನ ಮಸುಕು ಬೆಳಕಿನಲ್ಲಿ, ಸುತ್ತಲೂ ದುಂಡಗಿನ ಗೋಡೆ. ನೆಲದಲ್ಲಿ ಪುಡಿಪುಡಿಯಾದ ಜೋಳದ ಹೊಟ್ಟು. ಎಳೆತನದಲ್ಲಿ ಅಜ್ಜನ ಮನೆಯ ಅಂಗಳದಲ್ಲಿ ಹಗೇವು ತೆಗೆದಾಗ ಬರುತ್ತಿದ್ದ ಮುಗ್ಗಿದ ವಾಸನೆಯೇ ಇಲ್ಲಿಯೂ ಇತ್ತು. ಯಾವ ರಾಜನೂ ಇಲ್ಲಿಂದ ಪಾರಾಗಿರಲಿಲ್ಲ, ಯಾವ ಊರೂ ಇದರ ಆ ತುದಿಯಲ್ಲಿರಲಿಲ್ಲ. ಇಷ್ಟು ವರ್ಷ ಅವನು ಊರೂರಿಗೆ ಹಂಚಿದ್ದು ಒಂದು ಜೋಳದ ಗುಂಡಿಯನ್ನು.

ಅವನಿಗೆ ಅಳು ಬಂತು. ಹೊರಗೆ ಹೋಗಿ ಏನು ಹೇಳುವುದು? ಹೊಟ್ಟನ್ನು ಕೈಯಿಂದ ಕೆದರುತ್ತ ಬಹಳ ಹೊತ್ತು ಅಲ್ಲೇ ಕುಳಿತ. ಕುಳಿತವನಿಗೆ ನಿಧಾನವಾಗಿ ಒಂದು ಸಂಗತಿ ಹೊಳೆಯಿತು: ತಾನು ಕತ್ತಲಲ್ಲಿ ಕುಳಿತಿದ್ದೇನೆ, ಅಂಜಿಕೆ ಆಗುತ್ತಿಲ್ಲ. ಜೀವಮಾನದಲ್ಲಿ ಮೊದಲ ಸಲ ತಾನೇ ಹೋಗಿ, ತನ್ನ ಕಣ್ಣಾರೆ ಒಂದನ್ನು ನೋಡಿದ್ದೇನೆ. ನೋಡಿದ್ದನ್ನು ನೋಡಿದ ಹಾಗೆ ಹೇಳಬೇಕೆಂಬ ಆಸೆ ಅವನಿಗೆ ತಡೆಯಲಾರದಷ್ಟು ಆಯಿತು. ಮರ್ಯಾದೆ ಹೋದರೆ ಹೋಗಲಿ ಎಂದುಕೊಂಡು ಮೇಲೆ ಬಂದ.

"ಸುರಂಗ ಅಲ್ರಪ್ಪ ಇದು, ಹಗೇವು. ನಾ ಇಷ್ಟ ದಿನ ಸುಳ್ಳ ಹೇಳೀನಿ, ತಪ್ಪಾತು," ಎಂದು ಮುಷ್ಟಿಯಲ್ಲಿದ್ದ ಹೊಟ್ಟು ತೋರಿಸಿದ.

ಯಾರೂ ಬೈಯಲಿಲ್ಲ. ಮುಜೀಬ ಅವನ ಮುಖವನ್ನೇ ನೋಡುತ್ತ, "ಹಗೇವಿನ್ಯಾಗ ಇಷ್ಟೊತ್ತು ಏನ್ ಮಾಡ್ಲಿಕತ್ತಿದ್ರಿ?" ಎಂದು ಕೇಳಿದ.

"ಸುಮ್ನ ಕುಂತಿದ್ದೆ."

"ಇನ್ನೊಂದು ಕೈ ತೋರಸ್ರಿ," ಎಂದ ಅರುಣಕುಮಾರ.

ಆ ಕೈ ಖಾಲಿ ಇತ್ತು. ಖಾಲಿ ಕೈಗಿಂತ ಅನುಮಾನದ ವಸ್ತು ಇನ್ನೊಂದಿಲ್ಲ. ಮಾಸ್ತರನ ಗೆಳೆಯನೊಬ್ಬ ಮೊಬೈಲಿನ ಬೆಳಕು ಹಿಡಿದು ಇಳಿದು ಹತ್ತಿ ಬಂದ. ಒಳಗೆ ಏನೂ ಇಲ್ಲ, ಗುಂಡಿ ಖಾಲಿ, ಆದರೆ ನಡುವೆ ಈಗಷ್ಟೇ ಕೆದರಿದ ಗುರುತು ಇದೆ ಎಂದ. ಮುಗಿಯಿತು. ಖಾಲಿ ಇದ್ದದ್ದೇ ಸಾಕ್ಷಿ: ತುಂಬಿದ್ದನ್ನು ತೆಗೆದರೆ ತಾನೇ ಖಾಲಿಯಾಗುವುದು? ಈಗಷ್ಟೇ ಜಗಳಾಡುತ್ತಿದ್ದ ಸೇಡಂ ಮತ್ತು ಚಿತ್ತಾಪುರ ಒಂದೇ ತಾಯಿಯ ಮಕ್ಕಳಾಗಿ, ಅಯ್ಯನೋರಿಗೆ ನಿಧಿ ಸಿಕ್ಕಿದೆ ಎಂಬ ಒಮ್ಮತಕ್ಕೆ ಬಂದವು. ಸುರಂಗ ಬೆಸೆಯದ ಊರುಗಳನ್ನು ಹಗೇವು ಬೆಸೆಯಿತು.

ಸುದ್ದಿ ಅವನಿಗಿಂತ ಮೊದಲೇ ಊರೊಳಗೆ ಹೋಗಿತ್ತು. ದಾರಿಯಲ್ಲಿ ಸಿಕ್ಕ ಮಾಳಮ್ಮ, ತನ್ನ ಹೊಲದ ಬದುವಿನ ಜಗಳವನ್ನು ಅವನಿಂದಲೇ ಬಗೆಹರಿಸಿಕೊಂಡವಳು, "ಬಡವರನ್ನ ಮರೀಬ್ಯಾಡ್ರಿ ಅಯ್ಯನೋರ" ಎಂದು ಕಣ್ಣು ಹೊಡೆದಳು. ಸುಳ್ಳು ಹೇಳಿದಷ್ಟು ಕಾಲ ಹರಿಶ್ಚಂದ್ರನಾಗಿದ್ದವನು ಒಂದು ನಿಜ ಹೇಳಿದ್ದಕ್ಕೆ ಕಳ್ಳನಾಗಿದ್ದ. ಇನ್ನು ಉಳಿದವಳು ಮಹಾದೇವಮ್ಮ. ಸುರಂಗವನ್ನು ಎಂದೂ ನಂಬದವಳು ಹಗೇವನ್ನಾದರೂ ನಂಬುತ್ತಾಳೆ ಎಂಬ ಆಸೆಯಿಂದ ಅವನು ಬಿರಬಿರನೆ ಮನೆ ಸೇರಿದ.

ಅವಳು ರೊಟ್ಟಿ ಬಡಿಯುತ್ತಿದ್ದಳು. ಅವನು ಒಂದನ್ನೂ ಬಿಡದೆ ಹೇಳಿದ: ಕಂದೀಲು, ಹೊಟ್ಟು, ವಾಸನೆ, ಅಳು, ಅಂಜಿಕೆ ಹೋದದ್ದು. ಅವಳು ನಗಲಿಲ್ಲ. ಎಲ್ಲ ಕೇಳಿ ಎದ್ದು ಹೋಗಿ ಬಾಗಿಲಿನ ಚಿಲಕ ಹಾಕಿ ಬಂದಳು. ತಾಟು ಇಟ್ಟು, ಬಿಸಿ ರೊಟ್ಟಿ ಹಾಕಿ, ದನಿ ತಗ್ಗಿಸಿದಳು.

"ಮಂದಿಗಿ ಹಂಗೇ ಹೇಳ್ರಿ, ಭಾಳ ಚಲೋ ಹೇಳೀರಿ. ನನಗ ಖರೇ ಹೇಳ್ರಿ, ಎಲ್ಲಿಟ್ಟೀರಿ?"

ಮಡಿವಾಳಯ್ಯ ಅವಳ ಮುಖ ನೋಡಿದ. ಮದುವೆಯಾದ ಲಾಗಾಯ್ತಿನಿಂದ ಅವಳು ಅವನನ್ನು ಇಷ್ಟು ಗೌರವದಿಂದ ನೋಡಿದ್ದಿಲ್ಲ. ಇಲ್ಲ ಎನ್ನಲು ಬಾಯಿ ತೆರೆದ. ಇಲ್ಲ ಎಂದರೆ ಅವಳು ನಂಬುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

"ಯಾರಿಗೂ ಹೇಳಬ್ಯಾಡ," ಎಂದ.

ಮಹಾದೇವಮ್ಮ ರೊಟ್ಟಿಯ ಮೇಲೆ ಇನ್ನೊಂದು ಚಮಚ ತುಪ್ಪ ಹಾಕಿದಳು.